ಕಾಡಿನ ಬೀಜ, ಕಾಡಿನ ಪಾಲು

(ಸಣ್ಣ ಸಸ್ಯಪಾಲನಾ ಕೇಂದ್ರಗಳನ್ನು ನಡೆಸುವ ಗ್ರಾಮಸ್ಥರಿಗೂ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಬರಹರೂಪ)



1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಸಾಲ್ಕಣಿ ಭಾಗದ ಜನರು ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅಪ್ಪಿಕೋ ಚಳವಳಿ ಮಲೆನಾಡಿಗೆ ಕೊಟ್ಟದ್ದು ಮೂರು ಮಾತು: ಉಳಿಸು, ಬೆಳೆಸು, ಬಳಸು. 'ಬೆಳೆಸು' ಎಂಬ ಮಾತಿಗೆ ಓಗೊಟ್ಟವರು ಇಂದು ಮನೆಯ ಹಿತ್ತಲಿನಲ್ಲಿ, ಶಾಲೆಯ ಅಂಗಳದಲ್ಲಿ ಕಾಡುಗಿಡಗಳ ಮಡಿಗಳನ್ನು ಮಾಡುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಪ್ರತಿಯೊಂದು ಮಡಿಯ ಮುಂದೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ಬೀಜ ಎಲ್ಲಿಂದ ಬಂತು? ಅದನ್ನು ತಂದಮೇಲೆ ಅಲ್ಲಿ ಏನು ಉಳಿಯಿತು?

ಮತ್ತಿ, ಹೊನ್ನೆ, ಬೀಟೆಗಳ ಬೀಜವನ್ನು ಒಣಗಿಸಿ ಕೆಲಕಾಲ ಕಾಯ್ದಿಡಬಹುದು. ನಿತ್ಯಹರಿದ್ವರ್ಣ ಕಾನಿನ ಮರಗಳ ಸ್ವಭಾವವೇ ಬೇರೆ. ರಾಂಪತ್ರೆ, ಧೂಪಗಳ ಬೀಜ ತೇವದಿಂದಲೇ ಜೀವ ಹಿಡಿದಿರುತ್ತದೆ, ಒಣಗಿತೆಂದರೆ ಸತ್ತಿತು. ಡಬ್ಬಿಯಲ್ಲಿ ತುಂಬಿ ಮುಂದಿನ ವರ್ಷಕ್ಕೆ ಇಡುವಂತಿಲ್ಲ. ಆದ್ದರಿಂದ ಗಿಡ ಬೆಳೆಸುವವನು ಪ್ರತಿ ಫಲಕಾಲದಲ್ಲೂ ಕಾನಿಗೇ ಹೋಗಬೇಕು. ಪ್ರತಿವರ್ಷ ಅದೇ ದಾರಿ, ಅದೇ ಮರ, ಅದೇ ಗೋಣಿಚೀಲ ಎಂದಾದರೆ, ಕಾಡು ಬೆಳೆಸಹೊರಟವನೇ ಕಾಡಿನ ಮುಂದಿನ ಪೀಳಿಗೆಯನ್ನು ಗುಡಿಸಿ ತಂದಂತಾಗುತ್ತದೆ.

ಕಾನಿನ ಫಲಕ್ಕೆ ಮನುಷ್ಯನಿಗಿಂತ ಮೊದಲಿನ ಹಕ್ಕುದಾರರಿದ್ದಾರೆ. ರಾಂಪತ್ರೆಯ ಕಾಯಿ ಬಿರಿದಾಗ ಒಳಗಿನ ಕೆಂಪು ಪತ್ರೆಗಾಗಿ ಮಂಗಟ್ಟೆ ಹಕ್ಕಿ ಬರುತ್ತದೆ. ಪತ್ರೆಯನ್ನು ಜೀರ್ಣಿಸಿಕೊಂಡು, ಬೀಜವನ್ನು ದೂರದಲ್ಲೆಲ್ಲೋ ಉಗುಳುತ್ತದೆ. ಅಷ್ಟು ದಪ್ಪ ಬೀಜವನ್ನು ನುಂಗಿ ಒಯ್ಯಬಲ್ಲ ಹಕ್ಕಿಗಳು ಬಹಳವಿಲ್ಲ. ಸಿಂಗಳೀಕ, ಕಬ್ಬೆಕ್ಕುಗಳಿಗೂ ಕಾಡುಹಣ್ಣೇ ಆಹಾರ. ಮರದ ಮೇಲಿನ ಫಲವನ್ನು ಬಡಿದು ಕೆಡಹುವವನು ಇವುಗಳ ಬಾಯಿಂದ ಕಿತ್ತುಕೊಳ್ಳುತ್ತಾನೆ. ತಾಯಿಮರದ ಬುಡದಲ್ಲಿ ಬಿದ್ದ ಬೀಜಗಳ ಕಥೆ ಬೇರೆ. ಅವುಗಳಲ್ಲಿ ಹೆಚ್ಚಿನವು ಇಲಿ, ಹುಳು, ಬೂಷ್ಟುಗಳ ಪಾಲಾಗುತ್ತವೆ. ಮೊಳೆತವು ನೆರಳಿನಲ್ಲಿ, ಒತ್ತೊತ್ತಾಗಿ ಸಾಯುತ್ತವೆ. ಅಲ್ಲಿಂದ ಒಂದು ಪಾಲನ್ನು ಆರಿಸಿದರೆ ಕಾಡಿಗಾಗುವ ನಷ್ಟ ಕಡಿಮೆ. ಆರಿಸಬೇಕು, ಗುಡಿಸಬಾರದು.

ಒಂದು ಪಾಲೆಂದರೆ ಎಷ್ಟು? ಕಾಡುಬೀಜಗಳನ್ನು ಸಂಗ್ರಹಿಸುವ ದೊಡ್ಡ ಬೀಜಭಂಡಾರಗಳು ಪಾಲಿಸುವ ನಿಯಮವೊಂದಿದೆ: ಆ ದಿನ ಮಾಗಿ ದೊರೆಯುವ ಬೀಜದಲ್ಲಿ ಶೇ. 20ಕ್ಕಿಂತ ಹೆಚ್ಚು ತೆಗೆಯಬಾರದು. ಅಂದರೆ ಐದರಲ್ಲಿ ಒಂದು. ಫಲ ಕಡಿಮೆಯಾದ ವರ್ಷ ಅದೂ ಬೇಡ.

ಇನ್ನು ಉಪ್ಪಾಗೆಯ ವಿಷಯ. 1990ರ ದಶಕದಲ್ಲಿ ಅದರ ಸಿಪ್ಪೆಗೆ ಹೊರದೇಶಗಳಿಂದ ಬೇಡಿಕೆ ಬಂದು ಬೆಲೆ ಏರಿತು. ಜೊತೆಗೇ ಪೈಪೋಟಿಯೂ ಏರಿತು. 'ಇಂದು ಕೊಯ್ಯದಿದ್ದರೆ ನಾಳೆ ಬೇರೆಯವರು ಕೊಯ್ಯುತ್ತಾರೆ' ಎಂಬ ಭಯದಿಂದ ಎಳೆಗಾಯಿ ಕೀಳುವುದು, ಕೊಂಬೆ ಕಡಿದು ಇಳಿಸುವುದು ನಡೆಯಿತು. ಎಳೆಗಾಯಿಯ ಬೀಜ ಮೊಳೆಯದು. ಕಡಿದ ಕೊಂಬೆ ಮರುವರ್ಷ ಫಲ ಕೊಡದು. ಹಣ್ಣಾಗಿ ಉದುರಿದ ಮೇಲೆ ಹೆಕ್ಕುವ ಮನೆಗಳಲ್ಲಿ ಸಿಪ್ಪೆ ಬಿಡಿಸಿದ ನಂತರ ರಾಶಿ ಬೀಜ ಉಳಿಯುತ್ತದೆ. ಸ್ವಲ್ಪವನ್ನು ತುಪ್ಪ ತೆಗೆಯಲು ಬಳಸುತ್ತಾರೆ. ಎಷ್ಟೋ ಕಡೆ ಉಳಿದದ್ದು ಗೊಬ್ಬರದ ಗುಂಡಿಗೆ ಹೋಗುತ್ತದೆ. ಸಣ್ಣ ಸಸ್ಯಪಾಲಕನಿಗೆ ಇದಕ್ಕಿಂತ ನಿಷ್ಕಳಂಕವಾದ ಬೀಜ ಇನ್ನೊಂದಿಲ್ಲ. ಕಾಡಿನಿಂದ ಒಂದು ಹಣ್ಣನ್ನೂ ಹೆಚ್ಚಾಗಿ ತರಬೇಕಾಗಿಲ್ಲ. ಆ ಬೀಜಕ್ಕೆ ನಾಲ್ಕು ಕಾಸು ಕೊಟ್ಟರೆ, ಹಣ್ಣಾಗುವವರೆಗೆ ಕಾಯುವ ಮನೆಗೆ ಕಾಯಲು ಒಂದು ಕಾರಣವೂ ಸಿಗುತ್ತದೆ. ಉಪ್ಪಾಗೆ ಮೊಳೆಯಲು ತಿಂಗಳುಗಳೇ ಬೇಕು. ಗಟ್ಟಿ ಸಿಪ್ಪೆಯನ್ನು ಜೋಪಾನವಾಗಿ ಸುಲಿದು ಬಿತ್ತಿದರೆ ಬೇಗ ಮೊಳೆಯುತ್ತದೆ.

ಬೀಜ ಸಾಕಷ್ಟು ಸಿಕ್ಕಿತೆಂದು ಒಂದೇ ಮರದಿಂದ ತಂದರೆ ಮತ್ತೊಂದು ತಪ್ಪಾಗುತ್ತದೆ. ಸಾವಿರ ಸಸಿಗಳಿದ್ದರೂ ಅವೆಲ್ಲ ಒಡಹುಟ್ಟಿದವು. ಅವುಗಳನ್ನೇ ಒಂದು ಬೆಟ್ಟಕ್ಕೆ ನೆಟ್ಟರೆ ಮುಂದೆ ಅವು ತಮ್ಮತಮ್ಮಲ್ಲೇ ಕೂಡಿ, ಸಂತತಿ ದುರ್ಬಲವಾಗುತ್ತದೆ. ದೂರದೂರದ ಹಲವು ತಾಯಿಮರಗಳಿಂದ ಸ್ವಲ್ಪಸ್ವಲ್ಪ ತಂದು ಬೆರೆಸುವುದು ಸರಿಯಾದ ಕ್ರಮ. ರಾಂಪತ್ರೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆ. ಕಾಯಿ ಬಿಡದ ಮರ ದಂಡವೆಂದು ಗಂಡು ಮರವನ್ನು ಕಡಿಯುವವರು ಸುತ್ತಲಿನ ಹೆಣ್ಣು ಮರಗಳ ಫಲವನ್ನೂ ಕಡಿಯುತ್ತಾರೆ.

ಮುಟ್ಟಲೇಬಾರದ ಬೀಜಗಳೂ ಇವೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಂಪತ್ರೆ ಜಡ್ಡಿಯಲ್ಲಿ ಕಂಡ ಗೇರು ಕುಟುಂಬದ ಮರವೊಂದು 2000ನೇ ಇಸವಿಯಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೆಸರಿನಿಂದ ವಿಜ್ಞಾನಲೋಕಕ್ಕೆ ಪರಿಚಯವಾಯಿತು. ಅದು ಉಳಿದಿರುವುದು ಕೆಲವೇ ಜಡ್ಡಿಗಳಲ್ಲಿ. ಇಂಥದ್ದನ್ನು 'ಅಪರೂಪದ ಗಿಡ' ಎಂದು ಮಾರಲು ಹೊರಟರೆ ಅದರ ಕೊನೆಯ ಮರಿಗಳೂ ಚೀಲ ಸೇರುತ್ತವೆ. ಅದು ಬಲ್ಲವರು, ಅನುಮತಿ ಪಡೆದು, ಅದೇ ಜಡ್ಡಿಗೆ ಮರಳಿಸಲೆಂದೇ ಮಾಡಬೇಕಾದ ಕೆಲಸ. ಸದಾ ನೀರು ಜಿನುಗುವ ನೆಲದ ಸಸಿಯನ್ನು ರಸ್ತೆಯ ಬದಿಗೆ ನೆಟ್ಟರೆ ಪುಣ್ಯವೂ ಇಲ್ಲ, ಗಿಡವೂ ಇಲ್ಲ.

ಅನುಮತಿಯನ್ನು ಹಗುರವಾಗಿ ಕಾಣಬಾರದು. ಅಭಯಾರಣ್ಯದೊಳಗಿನಿಂದ ಪರವಾನಗಿಯಿಲ್ಲದೆ ಬೀಜ ತರುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆ ಅರ್ಹ ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳ ಹಕ್ಕನ್ನು ಮಾನ್ಯಮಾಡಿದೆ. ಆ ಹಕ್ಕು ಇನ್ನೊಬ್ಬರದಾದಲ್ಲಿ ಅವರನ್ನು ಕೇಳಿಯೇ ತರಬೇಕು. ಸೊಪ್ಪಿನಬೆಟ್ಟವಾದರೆ ಅದರ ಮನೆಯವರನ್ನು, ದೇವರಕಾಡಾದರೆ ಊರನ್ನು ಕೇಳಬೇಕು. 2002ರ ಜೀವವೈವಿಧ್ಯ ಕಾಯಿದೆಯಂತೆ ರಚಿತವಾದ ಸ್ಥಳೀಯ ನಿರ್ವಹಣಾ ಸಮಿತಿಗೂ ವಿಷಯ ತಿಳಿದಿರಲಿ.

ಕಡೆಯದಾಗಿ, ಪ್ರತಿ ಮಡಿಗೂ ಒಂದು ಪುಸ್ತಕವಿರಲಿ. ಯಾವ ಕಾನು, ಎಷ್ಟು ತಾಯಿಮರ, ಯಾವ ದಿನ, ಯಾರನ್ನು ಕೇಳಿ ತಂದದ್ದು ಎಂಬ ನಾಲ್ಕು ವಿವರ ಸಾಕು; ಶಾಲೆಯ ಮಕ್ಕಳೂ ಬರೆಯಬಲ್ಲರು. ಎಲ್ಲಿಯದೆಂದು ಹೇಳಲಾರದವನ ಬೀಜದ ಮೂಟೆಯನ್ನು ಅಗ್ಗವೆಂದು ಕೊಳ್ಳದಿರಲಿ. ಫಲವಿಲ್ಲದ ವರ್ಷ ಗಿಡ ಕೇಳಿಬಂದವರಿಗೆ 'ಈ ಸಲ ರಾಂಪತ್ರೆ ಇಲ್ಲ' ಎಂದು ಹೇಳುವ ಧೈರ್ಯವೂ ಇರಲಿ. ಆ ವರ್ಷ ಒಂದು ಮಡಿ ಖಾಲಿ ಉಳಿದೀತು; ಕಾನಿನ ನೆಲ ಖಾಲಿಯಾಗದು.