ಬೆಂಚಿನ ಮೇಲೆ ಕೂತವರು

 

ಬಾಸ್ಕೆಟ್‌ಬಾಲ್ ತರಬೇತುದಾರ ಸ್ಟೀವ್ ಕೆರ್ ಹುಟ್ಟಿದ್ದು 1965ರಲ್ಲಿ, ಬೈರೂತ್‌ನಲ್ಲಿ. ಅಲ್ಲಿನ ಅಮೆರಿಕನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಅವರ ತಂದೆಯನ್ನು 1984ರಲ್ಲಿ ಕಚೇರಿಯ ಬಳಿಯೇ ಗುಂಡಿಕ್ಕಿ ಕೊಂದರು. ಮಗನಿಗೆ ಆಗ ಹದಿನೆಂಟು. ದೂರದ ಅರಿಜೋನಾದಲ್ಲಿ ಕಾಲೇಜಿನ ಮೊದಲ ವರ್ಷ. ಕೆಲವೇ ದಿನಗಳಲ್ಲಿ ಕಣ್ಣೊರೆಸಿಕೊಂಡು ಆಟಕ್ಕಿಳಿದರು.

1988ರಲ್ಲಿ ಎನ್‌ಬಿಎ ತಂಡಗಳು ಆಟಗಾರರನ್ನು ಆರಿಸಿದಾಗ ಕೆರ್ ಹೆಸರು 50ನೆಯದು. ಆಡಿದ 910 ಪಂದ್ಯಗಳಲ್ಲಿ ಆರಂಭದಿಂದ ಇಳಿದದ್ದು 30ರಲ್ಲಿ ಮಾತ್ರ! ಉಳಿದಂತೆ ಬೆಂಚಿನ ಮೇಲೆ ಕೂತು ಕರೆಗಾಗಿ ಕಾದರು. ಹಾಗೆ ಕೂತವರಿಗೆ ಇಡೀ ಆಟ ಕಾಣುತ್ತದೆ. ಹಿಂದಿನ ಬೆಂಚಿನ ಮಕ್ಕಳಲ್ಲಿ ನಾನಿದನ್ನು ಕಂಡಿದ್ದೇನೆ. 2014ರಲ್ಲಿ ಗೋಲ್ಡನ್ ಸ್ಟೇಟ್ ತಂಡದ ತರಬೇತುದಾರರಾದರು, ಮೊದಲ ಋತುವಿನಲ್ಲೇ ಪ್ರಶಸ್ತಿ ಗೆದ್ದರು.

ತಂದೆಯಿಲ್ಲದ ಮಕ್ಕಳು ನಮ್ಮ ಪಟ್ಟಿಯಲ್ಲೂ ಇದ್ದಾರೆ. ಅಂಕ ಕಡಿಮೆಯೆಂದು ಸಂಕೋಚಪಡದೆ ಅರ್ಜಿ ಕೊಡಿ.