ಬೋರ್ಡು ಉರ್ದು, ಪಾಠ ಕನ್ನಡ

(ಯುವ ಕಾರ್ಯಕರ್ತರ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)



ಬೋರ್ಡಿನಿಂದಲೇ ಶುರು ಮಾಡೋಣ. ಬೋರ್ಡು ಅಂದರೆ ನಿಮಗೆ ಕೈ ತುರಿಸುತ್ತದೆ, ನನಗೆ ಗೊತ್ತು. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಇಂಗ್ಲಿಷ್ ಬೋರ್ಡುಗಳಿಗೆ ಏನಾಯಿತೆಂದು ನೋಡಿದ್ದೀರಿ. ಮರುವರ್ಷ ನಾಮಫಲಕದಲ್ಲಿ ಶೇ. 60 ಕನ್ನಡ ಎಂಬ ಕಾನೂನೂ ಬಂತು. ಸಂತೋಷ. ಆದರೆ ನಾನು ಹೇಳಹೊರಟಿರುವುದು ಇನ್ನೊಂದು ಬೋರ್ಡಿನ ಕತೆ. ಅದು ಉರ್ದು ಬೋರ್ಡು. ಕನ್ನಡ ಉಳಿದದ್ದು ಅದರ ಹಿಂದೆ!

ಊರು ಭಾಲ್ಕಿ. ನಿಜಾಮರ ಕಾಲ. ಕಚೇರಿ ಉರ್ದು, ಕಾಗದ ಉರ್ದು, ಶಾಲೆ ಉರ್ದು. ಮನೆಯಲ್ಲಿ ಅವ್ವ ಆಡುವ ಮಾತು ಶಾಲೆಯ ಹೊಸ್ತಿಲಲ್ಲೇ ಸಾಯಬೇಕು. ಆಗ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿದರು, ಒಳಗೆ ಕನ್ನಡ ಕಲಿಸಿದರು. ಹುಟ್ಟಿದ್ದು 1890ರಲ್ಲಿ, ಆಗ ಔರಾದ್ ತಾಲೂಕಿನಲ್ಲಿದ್ದ, ಈಗ ತಾನೇ ತಾಲೂಕಾಗಿರುವ ಕಮಲನಗರದಲ್ಲಿ. ತೀರಿಕೊಂಡದ್ದು 1999ರಲ್ಲಿ. ನೂರು ದಾಟಿದ ಬದುಕು. ಅದರಲ್ಲಿ ಬಹುಪಾಲು ಕಳೆದದ್ದು ಜೋಳಿಗೆ ಹಿಡಿದು ಊರೂರು ತಿರುಗುವುದರಲ್ಲಿ. ಜೋಳಿಗೆ ಯಾತಕ್ಕೆ? ಶಾಲೆಗೆ, ಬೋರ್ಡಿಂಗಿಗೆ, ಬಡ ಹುಡುಗರ ಹೊಟ್ಟೆಗೆ.

ಇಲ್ಲೊಂದು ಮಾತು. ಈ ಕತೆ ಕೇಳಿ ಉರ್ದುವಿನ ಮೇಲೆ ಹಲ್ಲು ಕಡಿಯುವವರಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ಬೀದರ್ ಶಹರದಲ್ಲಿ ಮಹಮೂದ್ ಗವಾನ್ ಮದರಸಾ ಕಟ್ಟಿಸಿದ್ದು 1472ರಲ್ಲಿ. ಅದರ ಗೋಡೆಯ ಬಣ್ಣದ ಹೆಂಚು ಈಗಲೂ ಅಲ್ಲಲ್ಲಿ ಹೊಳೆಯುತ್ತದೆ. ಉರ್ದು ಆ ಊರಿನ ಬಡವರ ಮಾತೂ ಹೌದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿಸಿತು. ನಮ್ಮ ಭಾಷೆಯಲ್ಲಿ ವಿಜ್ಞಾನ ಆಗೋದಿಲ್ಲ ಅನ್ನುವವರಿಗೆ ಅದೇ ಉತ್ತರ. ತಪ್ಪು ಉರ್ದುವಿನದಲ್ಲ, ಕನ್ನಡದ ಕೂಸಿಗೆ ಬೇರೆ ಬಾಗಿಲೇ ಬಿಡದ ದೊರೆತನದ್ದು.

ಇದು ಬರೀ ಭಾಷೆಯ ಕತೆ ಅಂದುಕೊಂಡರೆ ಅರ್ಧ ಮಾತ್ರ ಕೇಳಿದಂತೆ. ನಾನು ಮಠಗಳ ಭಕ್ತನಲ್ಲ. ಜಾತಿಗೊಂದು ಮಠ, ಮಠಕ್ಕೊಂದು ಕಾಲೇಜು, ಕಾಲೇಜಿಗೊಂದು ಡೊನೇಷನ್ ರೇಟು ಎಲ್ಲ ನೋಡಿಯೇ ಇದ್ದೇನೆ. ಆದರೆ ಬಸವಕಲ್ಯಾಣ ಇರುವುದು ಇದೇ ಜಿಲ್ಲೆಯಲ್ಲಿ. 12ನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು, ಅದಕ್ಕಾಗಿ ಇಬ್ಬರು ಬೀಗರನ್ನೂ ಆನೆಕಾಲಿಗೆ ಕಟ್ಟಿ ಎಳೆಸಿದರು ಎಂಬ ನೆನಪನ್ನು ಆ ನೆಲ ಇಟ್ಟುಕೊಂಡಿದೆ. ಶರಣರು ಕನ್ನಡದಲ್ಲಿ ಮಾತಾಡಿದ್ದು ಕನ್ನಡಾಭಿಮಾನಕ್ಕಲ್ಲ. ಸಮಗಾರನೂ ಸೂಳೆಯೂ ಅಂಬಿಗನೂ ಎದ್ದು ನಿಂತು ಪ್ರಶ್ನೆ ಕೇಳಲಿ ಅಂತ. ಪಟ್ಟದ್ದೇವರು ಬಸವಕಲ್ಯಾಣದಲ್ಲಿ ಅನುಭವ ಮಂಟಪ ಎಬ್ಬಿಸಲು ದುಡಿದದ್ದೂ, ಮಠದ ಪಂಕ್ತಿಗೆ ದಲಿತ ಹುಡುಗರನ್ನು ಕರೆದದ್ದೂ ಇದೇ ಲೆಕ್ಕದಲ್ಲಿ.

ಇನ್ನು 1955. ರಾಜ್ಯ ಪುನರ್ವಿಂಗಡಣಾ ಆಯೋಗ ಬೀದರ್ ಜಿಲ್ಲೆಯನ್ನು ಹೈದರಾಬಾದಿನ ಜೊತೆಗೇ ಇಡಿ ಅಂದಿತ್ತು! ಕನ್ನಡದ ಜನ ಒಪ್ಪಲಿಲ್ಲ. 1956ರ ನವೆಂಬರ್ 1ರಂದು ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಇತ್ತ ಬಂದವು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ, ಜಹೀರಾಬಾದ್ ಆಂಧ್ರಕ್ಕೆ. ಗಡಿ ನಕಾಶೆಯ ಮೇಲೆ ಬಿತ್ತು, ಮನೆಗಳ ಮೇಲೆ ಅಲ್ಲ. ಔರಾದ್ ಕಡೆಯ ಹಳ್ಳಿಗಳಲ್ಲಿ ಮರಾಠಿ ಮನೆ, ಲಂಬಾಣಿ ತಾಂಡಾ, ಕನ್ನಡ ಓಣಿ ಎಲ್ಲ ಒಟ್ಟಿಗೇ ಇವೆ. ಅಲ್ಲಿಗೆ ದೊಣ್ಣೆ ಹಿಡಿದು ಹೋದರೆ ಕನ್ನಡ ಸೋಲುತ್ತದೆ. ಸ್ಲೇಟು ಹಿಡಿದು ಹೋದವರು ಗೆದ್ದದ್ದಕ್ಕೆ ಭಾಲ್ಕಿಯೇ ಸಾಕ್ಷಿ.

ಆ ಕೆಲಸ ನಿಂತಿಲ್ಲ. ಬಸವಲಿಂಗ ಪಟ್ಟದ್ದೇವರ ಕಾಲದಲ್ಲಿ ಮಠ ಒಂದು ಹೆಜ್ಜೆ ಮುಂದೆ ಹೋಯಿತು. ಯಾರೋ ಹೆತ್ತು ಬಿಟ್ಟುಹೋದ ಎಳೆಗೂಸುಗಳನ್ನು ಎತ್ತಿಕೊಂಡು ಸಾಕಿತು. ಆ ಕೂಸಿನ ಜಾತಿ ಯಾವುದು? ಧರ್ಮ ಯಾವುದು? ಕೇಳುವುದಾದರೂ ಯಾರನ್ನು? ಕರಡ್ಯಾಳದಲ್ಲಿ ಗುರುಕುಲವೂ ಇದೆ.

ಈಗ ನಿಮ್ಮ ಬೀದಿಗೆ ಬನ್ನಿ. ಗೇಟಿನ ಮೇಲೆ ದಪ್ಪಕ್ಷರದ ಕನ್ನಡ ಬೋರ್ಡು, ಕಾನೂನಿನ ಪ್ರಕಾರ. ಒಳಗೆ ಕನ್ನಡ ಮಾತಾಡಿದ ಹುಡುಗನಿಗೆ ದಂಡ! ಭಾಲ್ಕಿಯ ಬೋರ್ಡು ಸುಳ್ಳು ಹೇಳಿ ಮಗುವನ್ನು ಕಾಪಾಡಿತು. ನಮ್ಮ ಬೋರ್ಡು ಸುಳ್ಳು ಹೇಳಿ ಯಾರನ್ನು ಕಾಪಾಡುತ್ತಿದೆ?

ಬೆಂಗಳೂರಿಂದ ಬೀದರ್ ಸುಮಾರು 700 ಕಿಲೋಮೀಟರು. ಹೈದರಾಬಾದ್ 150 ಕೂಡ ಇಲ್ಲ. ಕೂಲಿ ಹುಡುಕುವವನು ಯಾವ ಬಸ್ಸು ಹತ್ತುತ್ತಾನೆ, ಹೇಳಿ? ಅವನ ಮಗ ಯಾವ ಭಾಷೆಯ ಶಾಲೆಗೆ ಸೇರುತ್ತಾನೆ? ಬರುವ ಜೂನ್‌ನಲ್ಲಿ ಶಾಲೆ ತೆರೆಯುವ ವಾರ ನಿಮ್ಮಲ್ಲಿ ಹತ್ತು ಮಂದಿ ಔರಾದ್‌ಗೆ ಹೊರಡಿ. ಬಣ್ಣದ ಡಬ್ಬಿ ಬೇಡ, ನೋಟ್‌ಬುಕ್ ಇರಲಿ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಮೇಷ್ಟರೆಷ್ಟು, ಖಾಲಿ ಕುರ್ಚಿ ಎಷ್ಟು, ಮಳೆಗೆ ಸೋರುವ ಕೋಣೆ ಎಷ್ಟು, ಅರ್ಧಕ್ಕೇ ಶಾಲೆ ಬಿಟ್ಟ ಹುಡುಗಿಯರೆಷ್ಟು, ಊರೂರು ಕೇಳಿ ಬರೆದುಕೊಂಡು ಬನ್ನಿ. ಮುಂದಿನ ಧರಣಿ ಎಲ್ಲಿ, ಯಾರ ಬಾಗಿಲಿಗೆ ಅನ್ನುವುದನ್ನು ಆ ನೋಟ್‌ಬುಕ್ ನೋಡಿ ತೀರ್ಮಾನಿಸೋಣ.