ಸುಗ್ಗಿಯಲ್ಲೂ ಬರದಲ್ಲೂ ಉಪಕಾರ ಸ್ಮರಣೆ
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷಗಳ ಲೆಕ್ಕವನ್ನು ಕಾರ್ಯದರ್ಶಿಯವರು ಆಗಲೇ ಓದಿದ್ದಾರೆ. ಆ ಲೆಕ್ಕದಲ್ಲಿ ಬಾರದ ಒಂದು ಬಾಕಿಯ ಬಗ್ಗೆ ನಾನು ಎರಡು ಮಾತು ಆಡುತ್ತೇನೆ. ಅದು ಉಪಕಾರ ಸ್ಮರಣೆಯ ಬಾಕಿ.

ನಮ್ಮ ಭಾಗದ ರೈತರಿಗೆ ಇದನ್ನು ಯಾರೂ ಪಾಠ ಹೇಳಿ ಕಲಿಸಬೇಕಾಗಿಲ್ಲ. ಸೀಗೆ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲುತ್ತೇವೆ. ಒಂದು ಮಾತು ಗಮನಿಸಿರಿ. ಚರಗ ಚೆಲ್ಲುವುದು ರಾಶಿ ಮನೆಗೆ ಬಂದ ಮೇಲಲ್ಲ, ಬೆಳೆ ಇನ್ನೂ ಹೊಲದಲ್ಲಿ ನಿಂತಿರುವಾಗ. ಅದು ಕೈಗೆ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಸರ್ಕಾರ ಸಾರಿತು. ನನ್ನ ಹೊಲದ ಜೋಳ ಮೊಣಕಾಲೆತ್ತರವೂ ಬರಲಿಲ್ಲ. “ಈ ಸಲ ಚರಗ ಯಾತಕ್ಕ?” ಎಂದೆ. ಅದಕ್ಕೆ ನಮ್ಮ ಮನೆಯಾಕೆ, “ಇಷ್ಟು ವರ್ಷ ಇದ ಹೊಲದಾಗ ಉಂಡಿಲ್ಲೇನು? ಅದನ್ನ ನೆನಸಾಕ ಹೋಗೂಣು ನಡೀರಿ” ಅಂದಳು. ನನ್ನ ಬಾಯಿ ಕಟ್ಟಿತು.

ಸಹಕಾರ ಚಳವಳಿ ಹುಟ್ಟಿದ್ದೂ ಸುಖದ ದಿನಗಳಲ್ಲಲ್ಲ. 1846-47ರ ಕ್ಷಾಮದಲ್ಲಿ ಜರ್ಮನಿಯ ರೈಫೈಸನ್ ಎಂಬ ಹಳ್ಳಿಯ ಮೇಯರ್ ಊರವರನ್ನು ಕೂಡಿಸಿ ಬಡವರಿಗೆ ರೊಟ್ಟಿ ಒದಗಿಸಿದರು. ಮುಂದೆ ಅವರೇ ಗ್ರಾಮೀಣ ಸಾಲ ಸಂಘಗಳನ್ನು ಕಟ್ಟಿದರು. ನಮ್ಮ ನಾಡಿನಲ್ಲಿ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಸ್ಥಾಪಿಸಿದರು. ಇಂದು ನಾವು ಈ ಚಪ್ಪರದ ಕೆಳಗೆ ಕೂತಿದ್ದೇವೆಂದರೆ ಅಂಥವರ ಋಣ ನಮ್ಮ ಮೇಲಿದೆ.

ಈಗ ನನ್ನದೇ ಮಾತು. ಬಹಳ ವರ್ಷದ ಹಿಂದೆ ಬಿತ್ತಿದ ಬೀಜ ಮೊಳೆಯಲಿಲ್ಲ, ಮನೆಯಲ್ಲಿ ಕಾಯಿಲೆ ಬೇರೆ. ಸಾಲದ ಅರ್ಜಿಗೆ ಜಾಮೀನು ಬೇಕು. ನೆಂಟರು ಮುಖ ತಿರುಗಿಸಿದರು. ನಮ್ಮ ಓಣಿಯ ಹಿರಿಯರೊಬ್ಬರು, ಅವರಿಗೆ ಇದ್ದದ್ದೇ ಎರಡು ಎಕರೆ, ಕೇಳದೆಯೇ ಬಂದು ಹೆಬ್ಬೆಟ್ಟು ಒತ್ತಿದರು. ನಾಚಿಕೆಯಿಂದ ನಾನು ಅವರಿಗೆ ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ಎರಡು ವರ್ಷದಲ್ಲಿ ಸಾಲ ತೀರಿತು. ಹೇಳಿ ಬರೋಣವೆಂದು ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಸಂಘದ ಸಾಲ ಮುಟ್ಟಿತು, ಆ ಸಾಲ ಉಳಿಯಿತು. ಆಮೇಲೆ ನಾನು ಇಬ್ಬರಿಗೆ ಜಾಮೀನು ನಿಂತೆ. ಒಬ್ಬ ಕಟ್ಟಿದ, ಇನ್ನೊಬ್ಬ ಕಟ್ಟಲಿಲ್ಲ. ಅವನ ಕಂತು ನನ್ನ ತಲೆಗೆ ಬಂತು. ಬೇಸರ ಆಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆ ಹಿರಿಯರು ಎಷ್ಟು ದೊಡ್ಡ ಭಾರಕ್ಕೆ ಹೆಗಲು ಕೊಟ್ಟಿದ್ದರೆಂಬುದು ನನಗೆ ಅಂದೇ ತಿಳಿಯಿತು.

ಹಾಗಂತ ಬರ ಬಂದರೂ ನಗುನಗುತ್ತಾ ಇರಿ ಎಂದು ನಾನು ಹೇಳುವವನಲ್ಲ. ಹಸಿವು ಹಸಿವೇ. ಉಪಕಾರ ಸ್ಮರಣೆ ಎಂದರೆ ಕೈಕಟ್ಟಿ ಕೂರುವುದೂ ಅಲ್ಲ. ಸಾಮಾನ್ಯ ಸಭೆಗೆ ಬನ್ನಿ, ಲೆಕ್ಕ ಕೇಳಿರಿ, ತಪ್ಪು ಕಂಡರೆ ಎದ್ದು ನಿಂತು ಹೇಳಿರಿ. ಸಂಘ ಕಟ್ಟಿದವರಿಗೆ ಅದೂ ಒಂದು ನಮಸ್ಕಾರವೇ.

ಕೊನೆಗೆ ಮೂರು ಸಣ್ಣ ಕೆಲಸ ಹೇಳಿ ಮುಗಿಸುತ್ತೇನೆ. ಸಾಲ ತೀರಿದ ದಿನ ಜಾಮೀನುದಾರರ ಮನೆಗೆ ಹೋಗಿ, ಚಹಾ ಕುಡಿದು, ಹೇಳಿ ಬನ್ನಿ. ಸುಗ್ಗಿ ಚೆನ್ನಾದ ವರ್ಷ, ಕಟ್ಟುವ ಶಕ್ತಿ ಇದ್ದವರು ಮನ್ನಾ ಆದೀತೆಂದು ಕಾಯಬೇಡಿರಿ. ನೀವು ಕಟ್ಟಿದ ಹಣವೇ ಇನ್ನೊಬ್ಬರ ಬೀಜ, ಗೊಬ್ಬರ. ಬರ ಬಂದ ವರ್ಷ, ನೆರೆಮನೆಯ ಒಲೆ ಉರಿಯುತ್ತಿದೆಯೇ ಎಂದು ಒಮ್ಮೆ ನೋಡಿರಿ.

ಹೇಳಬೇಕಾದವರಿಗೆ ಇವತ್ತೇ ಹೇಳಿಬಿಡಿ. ನನ್ನ ಹಾಗೆ ತಡ ಮಾಡಬೇಡಿ.

ಜೈ ಸಹಕಾರ, ಜೈ ಕರ್ನಾಟಕ.